‘ಸ್ಲಂಪ್ ಸೇಲ್’ ಅನ್ನು ಕನ್ನಡದಲ್ಲಿ ಏನಂತ ಬರೆದಿರಿ? ಅನುಭವ ಇದ್ದವರು ಹೇಳಿ

ಬೆಣ್ಣೆನಗರಿ:
ಇಂಗ್ಲಿಷ್‌ನಲ್ಲಿರುವ ಒಪ್ಪಂದ ಪತ್ರವೊಂದನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಮನೆಮಂದಿಯ ಕಂಪನಿ. ಅಕ್ಕಿ ಗಿರಣಿ ಇಟ್ಟುಕೊಂಡು ಎಣ್ಣೆ ಮಿಲ್ ಮಾತ್ರ ಬೇರೆಯವರಿಗೆ ಕೊಡುತ್ತಿದ್ದಾರೆ. ಪತ್ರದ ತುಂಬಾ ‘ಸ್ಲಂಪ್ ಸೇಲ್’, ಜೊತೆಗೆ ‘ಗೋಯಿಂಗ್ ಕನ್ಸರ್ನ್’, ಅಂದ್ರೆ ನಿಲ್ಲಿಸದೆ ನಡೆಯುತ್ತಿರುವ ಉದ್ಯಮ. ನಿಘಂಟಿನಲ್ಲಿ ಸ್ಲಂಪ್ ಅಂದ್ರೆ ಕುಸಿತ. ಮಷಿನ್ ಅನುವಾದಕ್ಕೆ ಹಾಕಿದರೆ ‘ಕುಸಿತ ಮಾರಾಟ’ ಅಂತ ಬಂತು. ಮಿಲ್ ಲಾಭದಲ್ಲೇ ಇದೆ. ಸಹಿ ಹಾಕಬೇಕಾದ ಹಿರಿಯರಿಗೆ ಇಂಗ್ಲಿಷ್ ಬರಲ್ಲ, ‘ಕುಸಿತ’ ಅಂತ ಓದಿದರೆ ಪೆನ್ನು ಕೆಳಗಿಡುತ್ತಾರೆ. ಇಂಥದ್ದು ಮಾಡಿದವರು ಏನು ಬರೆದಿರಿ? ಗುರುವಾರ ಕೊಡಬೇಕು.

ಹುಬ್ಳಿ ಖಾತೆಪುಸ್ತಕ:
ಕುಸಿತಕ್ಕೂ ಇದಕ್ಕೂ ಸಂಬಂಧವೇ ಇಲ್ಲ ನೋಡ್ರಿ ಮೇಡಂ. ಸ್ಕಾಟ್ಲೆಂಡಿನವರ ಮಾತಿನಲ್ಲಿ ಸ್ಲಂಪ್ ಅಂದ್ರೆ ರಾಶಿ, ಗಂಟು. ಇಲ್ಲೂ ಅದೇ ಅರ್ಥ. 1961ರ ಆದಾಯ ತೆರಿಗೆ ಕಾಯ್ದೆಯ 2(42ಸಿ) ತೆಗೆದು ಓದಿ: ಒಂದು ಉದ್ಯಮವನ್ನು ಇಡಿಯಾಗಿ ಒಂದೇ ಮೊತ್ತಕ್ಕೆ ವರ್ಗಾಯಿಸುವುದು, ಆಸ್ತಿಗಳಿಗೂ ಸಾಲಗಳಿಗೂ ಬಿಡಿಬಿಡಿಯಾಗಿ ಬೆಲೆ ಹಚ್ಚದೆ. ತೆರಿಗೆ ಲೆಕ್ಕ 50ಬಿಯಲ್ಲಿದೆ. ಎರಡೂ 1999ರ ಹಣಕಾಸು ಕಾಯ್ದೆಯಲ್ಲಿ ಬಂದವು. ಆಗಿನಿಂದಲೂ ನಾನು ಆಡಿಟರ್ ಆಫೀಸಿನಲ್ಲೇ ಇದ್ದೇನೆ. ‘ಇಡಿಗಂಟಿನ ಮಾರಾಟ’ ಅಂತ ಬರೆಯುತ್ತೇವೆ. ಈವರೆಗೆ ಒಬ್ಬ ಅಧಿಕಾರಿಯೂ ತಕರಾರು ತೆಗೆದಿಲ್ಲ. ಇಡಿಗಂಟು ನಮ್ಮ ಸರ್ಕಾರಿ ಕಾಗದಗಳಲ್ಲೇ ಇರುವ ಪದ, ಹೊಸದಾಗಿ ಹುಟ್ಟಿಸಿದ್ದಲ್ಲ.

ಪೀಣ್ಯ 2ನೇ ಹಂತ:
ನೀವು ಇಡಿಗಂಟು ಅನ್ನಿ, ಬಿಡಿಗಂಟು ಅನ್ನಿ. ತಲೆದಂಡ ತೆರಬೇಕಾಗುವುದು ಅನುಬಂಧದ ಕೋಷ್ಟಕದಲ್ಲಿ. ನಮ್ಮ ಕಥೆ ಕೇಳಿ.

ನಮ್ಮದು ಪಾಲುದಾರಿಕೆ ಸಂಸ್ಥೆ. ಎರಡು ಯೂನಿಟ್‌ನಲ್ಲಿ ಪ್ರೆಸ್ ಶಾಪ್ ಯೂನಿಟ್ಟನ್ನು 2019ರಲ್ಲಿ 1.40 ಕೋಟಿಗೆ ಕೊಟ್ಟೆವು. ನಿವ್ವಳ ಮೌಲ್ಯ, ಅಂದ್ರೆ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು, 52 ಲಕ್ಷ. ಅಂದ್ರೆ ಲಾಭ 88 ಲಕ್ಷ. ಯೂನಿಟ್ಟಿಗೆ 36 ತಿಂಗಳು ಯಾವತ್ತೋ ಮುಗಿದಿತ್ತು, ಹಾಗಾಗಿ ದೀರ್ಘಾವಧಿ ಲಾಭ, ಆಗಿನ ತೆರಿಗೆ ಶೇ 20, ಸೆಸ್ ಸೇರಿ 20.8. ಹದಿನೆಂಟು ಲಕ್ಷ ಚಿಲ್ಲರೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಇಂಗ್ಲಿಷ್ ಕರಡಿನ ಅನುಬಂಧದಲ್ಲಿ ಪ್ರತಿ ಮಷಿನ್ ಎದುರು ಒಂದು ಅಂಕಿ ಇತ್ತು. ಕಾಲಂ ತಲೆಯಲ್ಲಿ ‘ಸ್ಟ್ಯಾಂಪ್ ಡ್ಯೂಟಿ ಉದ್ದೇಶಕ್ಕೆ ಮಾತ್ರ’ ಅಂತ ಇತ್ತು. ಚಿಕ್ಕಪ್ಪನಿಗಾಗಿ ಕನ್ನಡ ಮಾಡಿಸಿದೆವು. ಅನುವಾದ ಮಾಡಿದ ಪುಣ್ಯಾತ್ಮ ಅಲ್ಲಿ ‘ಮಾರಾಟ ಬೆಲೆ’ ಅಂತ ಹಾಕಿದ. ಸಹಿಯಾಗಿದ್ದು ಆ ಕನ್ನಡ ಪ್ರತಿ!

ಅಷ್ಟೇ ಸಾಕಾಯ್ತು. ಬಿಡಿಬಿಡಿ ಬೆಲೆ ಇದೆ, ಇದು ಸ್ಲಂಪ್ ಸೇಲೇ ಅಲ್ಲ ಅಂತ ನೋಟಿಸ್ ಬಂತು. ಲೆಕ್ಕದ ಪುಸ್ತಕದಲ್ಲಿ ಮಷಿನ್‌ಗಳ ಮೌಲ್ಯ 9 ಲಕ್ಷ, ಅನುಬಂಧದಲ್ಲಿ 61 ಲಕ್ಷ. ನಡುವಿನ 52 ಲಕ್ಷ ಅಲ್ಪಾವಧಿ ಲಾಭ ಅಂತೆ, ಸಂಸ್ಥೆಗೆ ಶೇ 30. ಸೆಸ್ ಸೇರಿ 16.22 ಲಕ್ಷ. ಇದೇ 52 ಲಕ್ಷಕ್ಕೆ ಮೊದಲಿನ ಲೆಕ್ಕದಲ್ಲಿ 10.82 ಆಗುತ್ತಿತ್ತು. ಇದರ ಬೆನ್ನಿಗೇ ಜಿಎಸ್‌ಟಿಯವರು. ನಡೆಯುತ್ತಿರುವ ವ್ಯವಹಾರವನ್ನು ಹಾಗೇ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆಯಲ್ವಾ? ಇದು ಮಷಿನ್ ಮಾರಾಟ ಅಂತ 61 ಲಕ್ಷಕ್ಕೆ ಶೇ 18 ಕೇಳಿದರು. 10.98 ಲಕ್ಷ, ಬಡ್ಡಿ ಬೇರೆ. ಅಪೀಲು ಇನ್ನೂ ನಡೀತಿದೆ. ವಕೀಲರ ಫೀಸನ್ನು ಇಲ್ಲಿ ಬರೆದರೆ ಬಿಪಿ ಏರುತ್ತೆ. ಅನುವಾದಕ್ಕೆ ಕೊಟ್ಟಿದ್ದು 4,500 ರೂಪಾಯಿ.

ಹುಬ್ಳಿ ಖಾತೆಪುಸ್ತಕ:
ಸ್ಟ್ಯಾಂಪ್ ಡ್ಯೂಟಿಗಾಗಿ ಹಾಕಿದ ಬೆಲೆಯನ್ನು ಬಿಡಿ ಬೆಲೆ ಅಂತ ತಿಳಿಯಬಾರದು ಅಂತ ಆ 2(42ಸಿ)ಯ ವಿವರಣೆಯಲ್ಲೇ ಇದೆ. ಅದನ್ನು ಬಿಗಿಯಾಗಿ ಹಿಡಿಯದೆ ಬಿಟ್ಟವರು ನಿಮ್ಮ ಆಡಿಟರ್. ಎರಡು ಭಾಷೆಯಲ್ಲಿ ಪತ್ರ ಮಾಡಿದಾಗ ಯಾವುದು ಮಾನ್ಯ ಅನ್ನುವ ಒಂದು ಸಾಲು ಹಾಕಿಸಬೇಕು. ಹಾಕಿಸಿದ್ದಿರಾ? ಸುಮ್ನೆ ಅನುವಾದಕನ ಮೇಲೆ ಯಾಕೆ?

ಪೀಣ್ಯ 2ನೇ ಹಂತ:
ನಮ್ಮ ಆಡಿಟರ್ ಬಗ್ಗೆ ನಿಮಗೇನು ಗೊತ್ತು ಸ್ವಾಮಿ? ಹದಿನೆಂಟು ಲಕ್ಷದ ತೆರಿಗೆಯನ್ನು ಕಾಗದದಲ್ಲಿ ತೋರಿಸಿಕೊಟ್ಟವರೇ ಅವರು. ಅಂದಹಾಗೆ 1961 ಅಂತ ಪಠಿಸಬೇಡಿ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ. ಸೆಕ್ಷನ್ ನಂಬರ್ ಎಲ್ಲಾ ಬದಲು. ಮೇಡಂ ಹಳೇ ನಂಬರ್ ನಕಲು ಹೊಡೆದರೆ ಮುಗೀತು.

ಮೈಸೂರು ಅನುವಾದ:
4,500 ಕೊಟ್ಟು ಕೋಟಿಯ ಪತ್ರ ಮಾಡಿಸಿದ್ದೀರಿ. ಅದರಲ್ಲೂ ಏಜೆನ್ಸಿ ಅರ್ಧ ನುಂಗಿರುತ್ತೆ. ಪುಣ್ಯಾತ್ಮ ಅಂತ ಬೈಯುವ ಮುಂಚೆ ಅವನಿಗೆ ಯಾರಾದರೂ ಆ ಕಾಲಂ ಏನು ಅಂತ ಹೇಳಿದ್ದರಾ? ನನಗೂ ಪದಕ್ಕೆ 80 ಪೈಸೆಯಂತೆ ಇಂಥದ್ದೇ ಒಂದು ಬಂದಿತ್ತು. ‘ಉದ್ಯಮವನ್ನು ಒಟ್ಟಾಗಿ, ಒಂದೇ ಮೊತ್ತಕ್ಕೆ ಮಾರುವುದು’ ಅಂತ ಬಿಡಿಸಿ ಬರೆದೆ. ಏಜೆನ್ಸಿಯ ಸಂಪಾದಕರು ಉದ್ದವಾಯ್ತು ಅಂತ ‘ಸಗಟು ಮಾರಾಟ’ ಮಾಡಿದರು. ಸಗಟು ಅಂದ್ರೆ ಯಶವಂತಪುರ ಮಂಡಿ ನೆನಪಾಗುತ್ತೆ ಕಣ್ರೀ! ಗಿರಾಕಿ ಪತ್ರ ವಾಪಸ್ ಕಳಿಸಿದ, ನನ್ನ 11,400 ಹಿಡಿದರು. ಬಿಲ್ಲಿನ ಮೇಲೆ ‘ಗುಣಮಟ್ಟದ ಕೊರತೆ’ ಅಂತ ಷರಾ. ಆ ಷರಾ ಇನ್ನೂ ನನ್ನ ಮೇಲ್‌ನಲ್ಲಿದೆ. ಆಮೇಲೆ ಅವರಿಗೆ ಒಂದು ಪುಟವನ್ನೂ ಮಾಡಿಕೊಟ್ಟಿಲ್ಲ. ಬಿಡಿಸಿ ಬರೆಯುವುದೇ ಸರಿ ಅಂತ ಇವತ್ತಿಗೂ ಹೇಳುತ್ತೇನೆ.

ಸಾಗರದ ತೋಟ:
ಇಷ್ಟೆಲ್ಲಾ ಯಾಕೆ? ನಮ್ಮಲ್ಲಿ ‘ಚೇಣಿ’ ಅಂತಾರೆ. ಅಡಿಕೆ ತೋಟದ ಫಸಲು ನೋಡಿ ಇಡಿಯಾಗಿ ಒಂದು ರೇಟು. ಅಡಿಕೆ ಗೊನೆ ಎಣಿಸುವ ತಾಪತ್ರಯ ಇಲ್ಲ, ತೂಕ ಇಲ್ಲ. ನಾನು ಒಂದು ವರ್ಷ 3.2 ಲಕ್ಷಕ್ಕೆ ಕೊಟ್ಟೆ, ಮುಂಗಡ 1 ಲಕ್ಷ. ಆ ಮಳೆಗಾಲದಲ್ಲಿ ಕೊಳೆ ರೋಗ ಬಂತು. ಬೋರ್ಡೋ ಔಷಧಿ ಹೊಡೆಯೋಣ ಅಂದ್ರೆ ಮಳೆ ಹೊಳವಾಗಲೇ ಇಲ್ಲ. ಚೇಣಿದಾರ ಬಂದು ‘ಭಟ್ರೇ, 80 ಸಾವಿರ ಬಿಡಿ’ ಅಂತ ಕೂತ. ನಾನು ಬಿಡಲಿಲ್ಲ. ಫಸಲು ಹೆಚ್ಚಿಗೆ ಬಂದಿದ್ದರೆ ಅವನು ನನಗೆ ಕೊಡುತ್ತಿದ್ದನಾ? ಕೊನೆಗೆ 3.2 ಪೂರಾ ವಸೂಲಾಯ್ತು. ಈಗ ದಾರಿಯಲ್ಲಿ ಸಿಕ್ಕರೆ ಮಾತಾಡಲ್ಲ, ಅದು ಬೇರೆ.

ಪುತ್ತೂರು ಚಾಲಿ:
80 ಸಾವಿರಕ್ಕೆ ಒಬ್ಬ ಮನುಷ್ಯನನ್ನು ಕಳೆದುಕೊಂಡಿರಿ. ನಮ್ಮಲ್ಲಿ ಕೊಳೆ ಬಂದ ವರ್ಷ ನಷ್ಟ ಹಂಚಿಕೊಂಡದ್ದು ಉಂಟು. ಮತ್ತೆ ಚೇಣಿ ಎಲ್ಲ ಕಡೆ ಇಡಿ ರೇಟು ಅಲ್ಲ ಮಾರಾಯ್ರೆ, ಕ್ವಿಂಟಾಲಿಗೆ ಇಷ್ಟು ಅಂತ ಮಾಡುವವರೂ ಇದ್ದಾರೆ.

ಸಾಗರದ ತೋಟ:
ಅದು ಚೇಣಿಯೇ ಅಲ್ಲ, ಬರೀ ವ್ಯಾಪಾರ. ನಷ್ಟ ಹಂಚುವುದಾದರೆ ಒಪ್ಪಂದ ಯಾತಕ್ಕೆ?

ಹುಬ್ಳಿ ಖಾತೆಪುಸ್ತಕ:
ಇಬ್ಬರೂ ನಿಲ್ಲಿಸಿ. ಚೇಣಿಯಲ್ಲಿ ತೋಟ ನಿಮ್ಮದೇ ಉಳಿಯುತ್ತೆ, ಫಸಲು ಮಾತ್ರ ಹೋಗುತ್ತೆ. ಸ್ಲಂಪ್ ಸೇಲ್‌ನಲ್ಲಿ ತೋಟ, ಮೋಟಾರು, ಕೆಲಸದಾಳುಗಳ ಬಾಕಿ, ಸೊಸೈಟಿ ಸಾಲ ಎಲ್ಲಾ ಒಟ್ಟಿಗೆ ಹೋಗುತ್ತೆ. ಸಾಲವೂ ಹೋಗುತ್ತೆ ಅನ್ನುವುದೇ ಇದರ ಜೀವಾಳ. ಪತ್ರದಲ್ಲಿ ‘ಚೇಣಿ’ ಬರೆದರೆ ಆ ಹಿರಿಯರು ಮುಂದಿನ ವರ್ಷ ಮಿಲ್ ವಾಪಸ್ ಬರುತ್ತೆ ಅಂದುಕೊಳ್ಳುತ್ತಾರೆ.

ಸಾಗರದ ತೋಟ:
ಆಡಿಟರ್ ಆಫೀಸಿನಲ್ಲಿ ಕೂತವರಿಗೆ ಚೇಣಿ ಹೇಳಿಕೊಡುವ ಶಕ್ತಿ ನನಗಿಲ್ಲ.

ಬೆಣ್ಣೆನಗರಿ:
ಎಲ್ಲರಿಗೂ ಥ್ಯಾಂಕ್ಸ್. ಮೊದಲ ಸಲ ಬಂದಾಗ ‘ಇಡಿಗಂಟಿನ ಮಾರಾಟ’ ಅಂತ ಹಾಕಿ, ಸಾಲಗಳೂ ಸೇರಿ ಒಂದೇ ಮೊತ್ತಕ್ಕೆ ಅಂತ ಅಲ್ಲೇ ಒಂದು ವಾಕ್ಯದಲ್ಲಿ ಬಿಡಿಸುತ್ತೇನೆ. ‘ಗೋಯಿಂಗ್ ಕನ್ಸರ್ನ್’ ಬಗ್ಗೆ ಯಾರೂ ಹೇಳಲೇ ಇಲ್ಲ. ‘ಚಾಲ್ತಿ ಉದ್ಯಮ’ ಆಗುತ್ತಾ?

ಮೈಸೂರು ಅನುವಾದ:
‘ನಡೆಯುತ್ತಿರುವ ಸ್ಥಿತಿಯಲ್ಲೇ’ ಅಂತ ಬರೆಯಿರಿ. ಚಾಲ್ತಿ ಅಂದ್ರೆ ಬ್ಯಾಂಕಿನ ಚಾಲ್ತಿ ಖಾತೆ ಇದ್ದಂಗೆ ಕೇಳಿಸುತ್ತೆ. ಮತ್ತೆ ಅರ್ಧ ದುಡ್ಡು ಮೊದಲೇ ತಗೊಳ್ಳಿ.

ಪೀಣ್ಯ 2ನೇ ಹಂತ:
ಮೇಡಂ, ಅನುಬಂಧದ ಕಾಲಂ ತಲೆಬರಹ ಅವರ ಆಡಿಟರ್‌ಗೆ ತೋರಿಸದೆ ಕೊಡಬೇಡಿ, ಕೈಮುಗೀತೀನಿ. ಹುಬ್ಳಿಯವರೇ, ನಿವ್ವಳ ಮೌಲ್ಯಕ್ಕೆ ಸಿಎ ಸಹಿ ಮಾಡುತ್ತಿದ್ದ ಹಳೇ ಕಾಯ್ದೆಯ 3ಸಿಇಎ ಫಾರಂಗೆ ನಿಮ್ಮ ಆಫೀಸಿನಲ್ಲಿ ಎಷ್ಟು ತಗೋತಿದ್ರಿ? ನಮ್ಮವರು 75 ಸಾವಿರ ತಗೊಂಡರು.

ಹುಬ್ಳಿ ಖಾತೆಪುಸ್ತಕ:
ಪರ್ಸನಲ್ ಮೆಸೇಜ್ ಮಾಡಿ.

ಪೀಣ್ಯ 2ನೇ ಹಂತ:
ಇಲ್ಲೇ ಹೇಳಿ. ನಾನು ನನ್ನ ಲೆಕ್ಕವನ್ನೆಲ್ಲಾ ಎಲ್ಲರ ಎದುರೇ ಬಿಚ್ಚಿಟ್ಟಿದ್ದೀನಲ್ಲ.