ಮುಚ್ಚಿದ ಟಾಕೀಸಿನ 35 ಎಂಎಂ ಪ್ರಿಂಟ್ ಸಿಕ್ಕದ, ಮೂರು ಡಬ್ಬಿ ಹುಳಿ ವಾಸನಿ ಹೊಡೀಲತಾವ. ಮೊದಲು ಏನ್ ಮಾಡಬೇಕು?

ಕಲಬುರಗಿ_ರೀಲು

ಕಲಬುರಗಿಯ ಒಂದು ಮುಚ್ಚಿದ ಟಾಕೀಸಿನ ಕ್ಯಾಬಿನ್‌ನಾಗ 15 ತಗಡಿನ ಡಬ್ಬಿ ಸಿಕ್ಕಾವ. 1967ರ ಕನ್ನಡ ಸಿನಿಮಾ, ಕಪ್ಪು-ಬಿಳುಪು, ರಿಲೀಸ್ ಪ್ರಿಂಟ್ (ಟಾಕೀಸಿಗೆ ಕಳಿಸೋ ಪ್ರತಿ). 11ನೇ ರೀಲಿನ ಒಂದು ಹಾಡು ಮಾತ್ರ ಬಣ್ಣದಾಗ ಅದ, ಅದು ಪೂರಾ ಗುಲಾಬಿ ಆಗ್ಯದ. 12 ಡಬ್ಬಿಗೆ ವಾಸನಿ ಇಲ್ಲ. 4, 9, 14ನೇ ಡಬ್ಬಿ ತೆಗೆದ್ರ ವಿನೆಗರ್ ಘಾಟು ಮೂಗಿಗೆ ಬಡೀತದ. 14ರ ಅಂಚು ಅಲೆಅಲೆಯಾಗಿ ಎದ್ದದ.

ನೆಟ್‌ನಾಗ ಇರೋದು ವಿಸಿಡಿಯಿಂದ ಏರಿಸಿದ್ದು, 124 ನಿಮಿಷ. ಬಣ್ಣದ ಹಾಡು ಅದರಾಗ ಇಲ್ಲವೇ ಇಲ್ಲ, ಹಾಸ್ಯದ ಭಾಗ ಅರ್ಧ ಹಾರಿಸ್ಯಾರ. ಮೊದಲ ರೀಲಿನ ಸೆನ್ಸಾರ್ ಸರ್ಟಿಫಿಕೇಟಿನಾಗ 15 ರೀಲು, 4,389 ಮೀಟರ್ ಅಂತ ಅದ. ಅಂದ್ರ 160 ನಿಮಿಷ, 36 ನಿಮಿಷ ಕಡಿಮಿ ಬಿತ್ತಲ್ಲ?

ಗೆಳೆಯರ ಬಲ್ಲಿ ಚಾಲ್ತಿಯೊಳಗಿನ ಪ್ರೊಜೆಕ್ಟರ್ ಅದ. ಒಂದ್ಸಲ ಓಡಿಸಿ ಪರದಿ ಮ್ಯಾಲಿಂದ ಕ್ಯಾಮೆರಾದಾಗ ಹಿಡೀಬಹುದಾ? ಹುಳಿ ಡಬ್ಬಿಗಳನ್ನ ಫ್ರಿಜ್ಜಿನಾಗ ಇಡಬೇಕಾ?

ಬೀದರ_ಸ್ಪೂಲ್

ಪ್ರೊಜೆಕ್ಟರಿಗೆ ಹಾಕಲೇಬೇಡಿ. ಹಳೆಯ ಅಸಿಟೇಟ್ ಫಿಲ್ಮ್ ಕುಗ್ಗುತ್ತದೆ. ಕುಗ್ಗಿದ ತೂತುಗಳಿಗೆ ಫಿಲ್ಮ್ ಎಳೆಯುವ ಚಕ್ರದ (ಸ್ಪ್ರಾಕೆಟ್) ಹಲ್ಲು ಸರಿಯಾಗಿ ಕೂರುವುದಿಲ್ಲ, ಬೆಳಕು ಹಾಯುವ ಗೇಟಿನಲ್ಲಿ ಸೆಕೆಂಡಿಗೆ 24 ಸಲ ಜಗ್ಗುವಾಗ ತೂತಿನ ಮೂಲೆಯಿಂದ ಬಿರುಕು ಶುರುವಾಗುತ್ತದೆ. 0.8 ಶೇಕಡಾ ಕುಗ್ಗಿದ್ದರೆ ಅಪಾಯದ ಗೆರೆ ದಾಟಿದಂತೆ.

ಅಳೆಯುವುದು ಸುಲಭ. ರಿಲೀಸ್ ಪ್ರಿಂಟಿನಲ್ಲಿ ಒಂದು ತೂತಿನಿಂದ ಮುಂದಿನ ತೂತಿಗೆ 4.75 ಮಿ.ಮೀ. ಸಮತಟ್ಟಾದ ಮೇಜಿನ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು, ಫಿಲ್ಮ್ ಎಳೆಯದೆ ಹಗುರಾಗಿ ಹಾಸಿ, ಒಂದು ತೂತಿನ ಮೇಲಂಚಿನಿಂದ ಎಣಿಸಿ 100 ತೂತು ಮುಂದಿನ ಮೇಲಂಚಿನವರೆಗೆ ಅಳೆಯಿರಿ. 475 ಮಿ.ಮೀ. ಬಂದರೆ ಕುಗ್ಗಿಲ್ಲ. 471ಕ್ಕೆ ಇಳಿದಿದ್ದರೆ 0.8 ದಾಟಿದೆ. ಪ್ರತಿ ರೀಲಿನ ತಲೆ, ನಡು, ಬಾಲ ಮೂರೂ ಕಡೆ ಅಳೆಯಿರಿ, ಒಂದೇ ರೀಲಿನೊಳಗೂ ವ್ಯತ್ಯಾಸ ಇರುತ್ತದೆ. ಬಟ್ಟೆ ಹೊಲಿಯುವವರ ಟೇಪು ಬೇಡ, ಅದೇ ಹಿಗ್ಗುತ್ತದೆ.

ಹುಳಿ ಬಂದ ಮೂರು ಡಬ್ಬಿಗಳನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಬರುತ್ತಿರುವುದು ಅಸಿಟಿಕ್ ಆಮ್ಲ. ಫಿಲ್ಮ್ ಕೊಳೆತಂತೆ ಅದು ಹುಟ್ಟುತ್ತದೆ, ಹುಟ್ಟಿದ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಚುರುಕು ಮಾಡುತ್ತದೆ, ಪಕ್ಕದ ಒಳ್ಳೆಯ ರೀಲುಗಳಿಗೂ ಅಂಟಿಸುತ್ತದೆ. ಮೂಗು ನಂಬುವುದಕ್ಕಿಂತ ಆಮ್ಲ ಪತ್ತೆಮಾಡುವ ಎ-ಡಿ ಸ್ಟ್ರಿಪ್ ತರಿಸಿ. ಡಬ್ಬಿಯೊಳಗೆ ಒಂದು ದಿನ ಇಟ್ಟರೆ ನೀಲಿ ಪಟ್ಟಿ ಆಮ್ಲ ಹೆಚ್ಚಿದಂತೆ ಹಸಿರಾಗಿ ಹಳದಿಗೆ ತಿರುಗುತ್ತದೆ. ಹಸಿರು ದಾಟಿದ ರೀಲನ್ನು ಮೊದಲು ಸ್ಕ್ಯಾನ್ ಮಾಡಬೇಕು, ಕಥೆಯ ಕ್ರಮದಲ್ಲಿ ಅಲ್ಲ.

ಇನ್ನು ನಿಮ್ಮ 36 ನಿಮಿಷದ ಲೆಕ್ಕ. 35 ಎಂಎಂ ನಿಮಿಷಕ್ಕೆ 90 ಅಡಿ, ಅಂದರೆ 27.43 ಮೀಟರ್ ಓಡುತ್ತದೆ. 4,389 ಮೀಟರ್ ಅಂದರೆ 160 ನಿಮಿಷ, ಅದು ಸರಿ. ಆದರೆ ನಮ್ಮ ವಿಸಿಡಿಗಳು ಪಾಲ್ ಎಂಬ ಟಿವಿ ಪದ್ಧತಿಯವು, ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸಿರುತ್ತಾರೆ. 124 ನಿಮಿಷವನ್ನು 25ರಿಂದ ಗುಣಿಸಿ 24ರಿಂದ ಭಾಗಿಸಿದರೆ ಸುಮಾರು 129. ನಿಜವಾಗಿ ಕತ್ತರಿಸಿದ್ದು 31 ನಿಮಿಷ. ವಿಸಿಡಿಯಲ್ಲಿ ಗಾಯಕರ ದನಿ ಒಂದು ಎಳೆ ತೆಳ್ಳಗೆ ಕೇಳಿಸುವುದಕ್ಕೂ ಇದೇ ಕಾರಣ.

ಸುರಪುರ_ಆಪರೇಟರ್

ಬೀದರದವರು ಹೇಳಿದ್ದು ಬರೋಬ್ಬರಿ ಅದ. ರೀಲು ಬಿಚ್ಚೋ ಕೆಲಸದ ಬಗ್ಗೆ ನಾಲ್ಕು ಮಾತು.

ಮೋಟರ್ ರಿವೈಂಡರ್ ಬ್ಯಾಡ್ರಿ, ಕೈಲೆ ತಿರುಗಿಸೋದೇ ಹಾಕ್ರಿ. ಫಿಲ್ಮ್ ಸಡಿಲ ಅನಿಸಿತಂತ ತುದಿ ಹಿಡಿದು ಜಗ್ಗಿ ಬಿಗಿ ಮಾಡಬ್ಯಾಡ್ರಿ. ಸುತ್ತಿನ ಮ್ಯಾಲ ಸುತ್ತು ಉಜ್ಜಿ, ನಡುವಿನ ಧೂಳೆಲ್ಲ ಉದ್ದಕ ಗೀರು ಹಾಕ್ತದ. ಹತ್ತಿ ಕೈಗವಸಿನ ಎಳಿ ಹರಿದ ತೂತಿಗೆ ಸಿಕ್ಕೊಂತದ, ನೈಟ್ರೈಲ್ ಹಾಕ್ಕೋರಿ. ಸುತ್ತು ಒಂದಕ್ಕೊಂದು ಅಂಟಿದ್ರ ಎಳೀಬ್ಯಾಡ್ರಿ, ಎಮಲ್ಷನ್ (ಚಿತ್ರ ಇರೋ ಪದರ) ಕಿತ್ತು ಬಂದ್ರ ಮುಗೀತು. 14ನೇ ರೀಲಿಗೆ ಹಿಂಗ ಆಗೋ ಸಂಭವ ಭಾಳ ಅದ.

ಅಂಚಿಗೆ ಬಿಳಿ ಪುಡಿ ಕಂಡ್ರ ಅದು ಬೂಷ್ಟೇ ಅಂತ ತಿಳೀಬ್ಯಾಡ್ರಿ. ಫಿಲ್ಮ್ ಮೆತ್ತಗಿರಲಿ ಅಂತ ಸೇರಿಸಿದ ರಾಸಾಯನಿಕ ಹೊರಗ ಬಂದು ಹರಳುಗಟ್ಟಿದ್ರೂ ಹಂಗೇ ಕಾಣ್ತದ. ಬೂಷ್ಟು ಅಂದ್ರ ಎಮಲ್ಷನ್ ಮ್ಯಾಲ ಬೇರು ಬಿಟ್ಟಂಗ ಹರಡಿರ್ತದ. ಎರಡಕ್ಕೂ ನೀರು ಮುಟ್ಟಿಸಬ್ಯಾಡ್ರಿ. ಬೂಷ್ಟು ತಿಂದ ಜೆಲಟಿನ್ ನೀರಿನಾಗ ಕರಗಿ ಹೋಗ್ತದ, ಚಿತ್ರಾನೂ ಅದರ ಸಂಗಟ ಹೋಗ್ತದ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತಗೋರಿ. ಔಷಧ ಅಂಗಡಿಯ 70 ಶೇಕಡಾದ್ದು ನಡೆಯಂಗಿಲ್ಲ, ಉಳಿದದ್ದು ನೀರೇ. ನೂಲು ಬಿಡದ ಬಟ್ಟಿಗೆ ಸ್ವಲ್ಪ ಹಾಕಿ, ಎರಡು ಬೆರಳಿನ ನಡುವ ಫಿಲ್ಮ್ ಮೆಲ್ಲಕ ಸಾಗಲಿ, ಸುತ್ತೋ ಮೊದಲು ಒಣಗಬೇಕು. ಒಂದೆರಡು ಅಡಿಗೊಮ್ಮಿ ಬಟ್ಟಿ ಮಡಿಕಿ ಬದಲ್ಸ್ರಿ, ಇಲ್ಲಂದ್ರ ತೆಗೆದ ಕಸದಿಂದ್ಲೇ ಮತ್ತ ಗೀರು. ಕಿಡಕಿ ತೆಗೆದಿರ್ರಿ, ಬೆಂಕಿ ದೂರ.

ಹಳೀ ಜೋಡಣಿ ಎಲ್ಲಾ ನೋಡ್ರಿ. ಆಪರೇಟರುಗಳು ಅವಸರದಾಗ ಸೆಲೋಟೇಪ್ ಹಚ್ಚಿರ್ತಾರ, ಅದರ ಅಂಟು ಇಳಿದು ಪಕ್ಕದ ಸುತ್ತಿಗೂ ಹತ್ತಿರ್ತದ. ಅದೇ ಆಲ್ಕೊಹಾಲಿನಿಂದ ನೆನೆಸಿ ತೆಗೆದು, ತೂತಿರೋ ಪಾಲಿಯೆಸ್ಟರ್ ಸ್ಪ್ಲೈಸಿಂಗ್ ಟೇಪ್ ಎರಡೂ ಮಗ್ಗುಲಿಗೆ ಹಚ್ಚ್ರಿ. ಪ್ರತಿ ರೀಲಿನ ತಲಿ ಮತ್ತ ಬಾಲದಾಗ ಒಂದಿಷ್ಟು ಫ್ರೇಮ್ ಹೋಗೇ ಇರ್ತಾವ. ಬಲಗಡಿ ಮ್ಯಾಲಿನ ಮೂಲಿಯ ಚೇಂಜ್ಓವರ್ ಚುಕ್ಕಿ (ರೀಲು ಬದಲಿಸೋ ಗುರುತು) ಹುಡುಕ್ರಿ, ಎರಡನೇ ಚುಕ್ಕಿ ಆದಮ್ಯಾಲ ಸುಮಾರು ಒಂದು ಸೆಕೆಂಡಿನಷ್ಟು ಚಿತ್ರ ಇರಬೇಕು. ಚುಕ್ಕಿನೇ ಇಲ್ಲಂದ್ರ ಅಲ್ಲಿ ಕತ್ತರಿ ಬಿದ್ದದ.

ಡಬ್ಬಿ ಮ್ಯಾಲಿನ ಚೀಟಿ ಕಿತ್ತು ಒಗೀಬ್ಯಾಡ್ರಿ, ಫೋಟೊ ತೆಗೀರಿ. ಯಾವ ವಿತರಕರು, ಎಷ್ಟನೇ ಪ್ರಿಂಟ್ ಅನ್ನೋದು ಅದರಾಗೇ ಇರ್ತದ. ಹೈದರಾಬಾದಿನ ಹಳೀ ಚೀಟಿ ಕಂಡ್ರ ಡಬ್ಬಿ ಬದಲಾಗ್ಯದ ಅಂತ ತಿಳ್ಕೋರಿ. ಹಿಂದಿ ಸಿನಿಮಾಕ್ಕ ನಮ್ಮ ಜಿಲ್ಲಾಗಳು ಹೈದರಾಬಾದಿನ ವಿತರಣಾ ವಲಯ ಆದ ನಿಜಾಮ್ ಸರ್ಕ್ಯೂಟಿನಾಗ ಇದ್ದವು, ಖಾಲಿ ಡಬ್ಬಿ ಯಾವುದಕ್ಕೂ ಬಳಸ್ತಿದ್ರು.

ಕಲಬುರಗಿ_ರೀಲು

ಅಳತಿ ಮುಗೀತು. 12 ರೀಲು 473ರ ಆಸುಪಾಸು. 4ನೇದು 470.5, 9ನೇದು 470. 14ನೇದು ನಡುವಿನಾಗ 467. ಅಂಚಿನ ಮ್ಯಾಲ ‘ಸೇಫ್ಟಿ’ ಅಂತ ಅಚ್ಚಾಗ್ಯದ, ಅಂದ್ರ ಬೇಗ ಬೆಂಕಿ ಹತ್ತೋ ನೈಟ್ರೇಟ್ ಫಿಲ್ಮ್ ಅಲ್ಲ. ಫ್ರಿಜ್ಜಿನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಇಲ್ಲಿ ಬ್ಯಾಸಿಗ್ಯಾಗ 42 ಡಿಗ್ರಿ ದಾಟ್ತದ.

ಬೀದರ_ಸ್ಪೂಲ್

473 ಅಂದರೆ 0.4 ಶೇಕಡಾ, ಚಿಂತೆ ಇಲ್ಲ. 4 ಮತ್ತು 9 ಒಂದು ಶೇಕಡಾ ಹತ್ತಿರ. 14ನೇದು 1.7 ಶೇಕಡಾ, ಅದನ್ನು ಹಲ್ಲಿರುವ ಯಾವ ಯಂತ್ರಕ್ಕೂ ಕೊಡಬೇಡಿ.

ವಿನೆಗರ್ ಬಂದ ಫಿಲ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಆಮ್ಲ ಒಳಗೇ ಉಳಿಯುತ್ತದೆ. ಡಬ್ಬಿ ಮುಚ್ಚಳ ಸ್ವಲ್ಪ ಸಡಿಲ ಇಟ್ಟು ಗಾಳಿಯಾಡುವ ತಂಪು ಕೋಣೆಯಲ್ಲಿಡಿ. ತುಕ್ಕು ಹಿಡಿದ ತಗಡಿನ ಡಬ್ಬಿ ಬಿಸಾಕಿ, ಪಾಲಿಪ್ರೊಪಿಲೀನ್ ಡಬ್ಬಿಗೆ ಹಾಕಿ.

ಆಳಂದ_ಫ್ರೇಮ್

ಕೋಣೆಯ ಬಿಸಿಯಲ್ಲಿ ಆ ಮಾತು ಸರಿ, ಫ್ರಿಜ್ಜಿಗೆ ಅನ್ವಯಿಸುವುದಿಲ್ಲ. ತಣ್ಣಗಾದಷ್ಟೂ ಕೊಳೆಯುವ ಕ್ರಿಯೆಯೇ ನಿಧಾನವಾಗುತ್ತದೆ, ಕಟ್ಟಿಟ್ಟರೂ ನಷ್ಟಕ್ಕಿಂತ ಲಾಭ ದೊಡ್ಡದು. ಕಲಬುರಗಿಯ ಮೇ ತಿಂಗಳಲ್ಲಿ ಗಾಳಿಯಾಡುವ ತಂಪು ಕೋಣೆ ಎಲ್ಲಿಂದ ತರುತ್ತೀರಿ? ಎರಡು ಪದರ ಜಿಪ್ ಚೀಲ, ನಡುವೆ ಸಿಲಿಕಾ ಜೆಲ್, ಜೊತೆಗೆ ಸಿಕ್ಕರೆ ಆಮ್ಲ ಹೀರುವ ಮಾಲಿಕ್ಯುಲರ್ ಸೀವ್ ಪೊಟ್ಟಣ. ಸಿಲಿಕಾ ಹೀರುವುದು ತೇವವನ್ನು, ಆಮ್ಲಕ್ಕೆ ಅದನ್ನು ನಂಬಬೇಡಿ. ಹೊರತೆಗೆದಾಗ ಇಡೀ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಫಿಲ್ಮ್ ಮೇಲೆ ನೀರು ಕೂರುತ್ತದೆ. ಆದರೆ ಫ್ರಿಜ್ ಬರೀ ಕಾಲ ತಳ್ಳುವ ಉಪಾಯ. ಕುಗ್ಗಿದ್ದು ಹಿಗ್ಗುವುದಿಲ್ಲ. 14ನೇ ರೀಲನ್ನು ಈ ತಿಂಗಳೇ ಸ್ಕ್ಯಾನ್ ಮಾಡಿ.

ಪರದೆಯಿಂದ ಹಿಡಿಯುವ ಯೋಚನೆ ಬಿಡಿ. ಫುಲ್ ಫ್ರೇಮ್ ಕ್ಯಾಮೆರಾ, 1:1 ಮ್ಯಾಕ್ರೊ ಲೆನ್ಸ್ (ನಿಜ ಅಳತೆಯಲ್ಲೇ ಹಿಡಿಯುವಂಥದ್ದು) ಇದ್ದರೆ ಕ್ಯಾಮೆರಾ ಸೆನ್ಸರಿನ 36 ಮಿ.ಮೀ. ಅಗಲದಲ್ಲಿ ಫಿಲ್ಮಿನ ಪೂರ್ತಿ 35 ಮಿ.ಮೀ. ಕೂರುತ್ತದೆ, ಎರಡೂ ಕಡೆಯ ತೂತು ಮತ್ತು ಚಿತ್ರದ ಪಕ್ಕ ಅಚ್ಚಾದ ಧ್ವನಿ ಪಟ್ಟಿ ಸಮೇತ. 24 ಮೆಗಾಪಿಕ್ಸೆಲ್‌ನಲ್ಲಿ 22 ಮಿ.ಮೀ. ಅಗಲದ ಚಿತ್ರಕ್ಕೆ ಸುಮಾರು 3,660 ಪಿಕ್ಸೆಲ್ ಸಿಗುತ್ತದೆ, ರಿಲೀಸ್ ಪ್ರಿಂಟಿಗೆ ಧಾರಾಳ. ಫಿಲ್ಮನ್ನು ಹಲ್ಲಿಲ್ಲದ ನುಣುಪು ರೋಲರ್‌ಗಳ ಮೇಲೆ ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರಿನಿಂದ ಸಾಗಿಸಿ, ತೂತನ್ನು ಬೇರೊಂದು ಸೆನ್ಸರ್ ಗುರುತಿಸಿದಾಗ ನಿಲ್ಲಿಸಿ, ಫೋಟೊ ಹೊಡೆಯಿರಿ.

160 ನಿಮಿಷಕ್ಕೆ 2,30,400 ಫ್ರೇಮ್. ಮೆಕ್ಯಾನಿಕಲ್ ಶಟರ್ ಬಳಸಿದರೆ ಒಂದೇ ಸಿನಿಮಾದಲ್ಲಿ ಅದರ ಆಯುಷ್ಯ ಮುಗಿಯಬಹುದು, ಎಲೆಕ್ಟ್ರಾನಿಕ್ ಶಟರ್ ಹಾಕಿ. ಸೆಕೆಂಡಿಗೆ 2 ಫ್ರೇಮ್ ಆದರೆ 32 ಗಂಟೆ. ಒಂದು ರಾ ಫೈಲ್ 25 ಎಂಬಿ ಹಿಡಿದರೂ ಸುಮಾರು 6 ಟಿಬಿ, ಎರಡು ಪ್ರತಿ ಅಂದರೆ 12. ಬೆಳಕಿಗೆ ಒಂದೇ ಸಮ ಕರೆಂಟಿನ ಎಲ್‌ಇಡಿ ಬೇಕು. ಅಗ್ಗದ ಡಿಮ್ಮರ್ ಹಾಕಿದರೆ ಎಲೆಕ್ಟ್ರಾನಿಕ್ ಶಟರಿನಲ್ಲಿ ಅಡ್ಡ ಪಟ್ಟೆ ಬರುತ್ತವೆ. ಮುಂದೆ ಹಾಲುಬಣ್ಣದ ಅಕ್ರಿಲಿಕ್ ಇಟ್ಟರೆ ಬೇಸಿನ (ಫಿಲ್ಮಿನ ಪ್ಲಾಸ್ಟಿಕ್ ಹಾಳೆಯ) ಸಣ್ಣ ಗೀರುಗಳು ಅರ್ಧಕ್ಕರ್ಧ ಮಾಯ. ಎಕ್ಸ್‌ಪೋಷರ್, ಫೋಕಸ್ ಯಾವುದೂ ಆಟೊ ಇರಕೂಡದು.

ಬಣ್ಣದ ಹಾಡಿನಲ್ಲಿ ಹೋಗಿರುವುದು ಸಯಾನ್ (ಹಸಿರು-ನೀಲಿ) ಪದರ, ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳ ರೋಗ ಅದು. ಸಯಾನ್ ತಡೆಯುತ್ತಿದ್ದದ್ದು ಕೆಂಪು ಬೆಳಕನ್ನು, ಹೀಗಾಗಿ ಕೆಂಪು ಚಾನೆಲ್ ಬೆಳ್ಳಗೆ, ಚಪ್ಪಟೆ. ಪ್ರತಿ ಫ್ರೇಮಿಗೆ ಕೆಂಪು, ಹಸಿರು, ನೀಲಿ ಎಲ್‌ಇಡಿಯಲ್ಲಿ ಬೇರೆಬೇರೆ ಮೂರು ಹೊಡೆತ ಹೊಡೆದು, ಕೆಂಪಿಗೆ ಎಕ್ಸ್‌ಪೋಷರ್ ತಗ್ಗಿಸಿ. ಆಮೇಲೆ ಆ ಚಾನೆಲ್ಲಿನ ಕಾಂಟ್ರಾಸ್ಟ್ ಮಾತ್ರ ಹಿಗ್ಗಿಸಬಹುದು. ಬಿಳಿ ಎಲ್‌ಇಡಿಯಲ್ಲಿ ಒಮ್ಮೆ ಕೆಂಪು ತುಂಬಿ ಸೋರಿದರೆ ಮತ್ತೆ ಬರುವುದಿಲ್ಲ.

ಸುರಪುರ_ಆಪರೇಟರ್

ಧ್ವನಿ ಮರೀಬ್ಯಾಡ್ರಿ. ಪ್ರೊಜೆಕ್ಟರಿನಾಗ ಸೌಂಡ್ ಹೆಡ್ ಗೇಟಿನ ಕೆಳಗ ಇರೋದ್ರಿಂದ, ಒಂದು ಚಿತ್ರದ ಧ್ವನಿ ಫಿಲ್ಮ್ ಮ್ಯಾಲ 20 ಫ್ರೇಮ್ ಮುಂದ ಇರ್ತದ. ಸ್ಕ್ಯಾನಿನಿಂದ ತೆಗೆದ ಧ್ವನಿ ಹಂಗೇ ಕೂಡಿಸಿದ್ರ ಬಾಯಿ ಅಲುಗೋ ಮೊದಲೇ ಮಾತು ಬರ್ತದ. 833 ಮಿಲಿಸೆಕೆಂಡ್ ತಡ ಮಾಡಿ ಕೂಡಿಸಿ, ತುಟಿ ನೋಡಿ ಒಂದೆರಡು ಫ್ರೇಮ್ ಹೊಂದಿಸ್ರಿ. ಫಿಲ್ಮ್ ತುಂಡಾದ ಕಡಿ ಚಿತ್ರದ ಖಾಲಿ ಒಂದು ಕಡಿ, ಧ್ವನಿಯ ಖಾಲಿ 20 ಫ್ರೇಮ್ ಆಚಿ. ಎರಡನ್ನೂ ಬೇರೆಬೇರೆ ತುಂಬಬೇಕು.

ಆಳಂದ_ಫ್ರೇಮ್

ಧ್ವನಿ ತೆಗೆಯಲು ಏಯೊ-ಲೈಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಧ್ವನಿ ಪಟ್ಟಿಯ ಚಿತ್ರವನ್ನೇ ಓದಿ ಆಡಿಯೊ ಕೊಡುತ್ತದೆ. ಫ್ರೇಮ್ ಎತ್ತರ 19 ಮಿ.ಮೀ., ಸೆನ್ಸರ್ 24, ಹೀಗಾಗಿ ಮೇಲೆ ಕೆಳಗೆ ಸೇರಿ 5 ಮಿ.ಮೀ. ಪಕ್ಕದ ಫ್ರೇಮ್ ಸಿಗುತ್ತದೆ. ಅದನ್ನು ಕತ್ತರಿಸಬೇಡಿ, ಒಂದು ಫ್ರೇಮಿನ ಧ್ವನಿಯನ್ನು ಮುಂದಿನದಕ್ಕೆ ಬೆಸೆಯಲು ಬೇಕು. 8 ಕಿಲೊಹರ್ಟ್ಜ್ ಮೇಲೆ ಆ ಕಾಲದ ಪಟ್ಟಿಯಲ್ಲಿ ಹಿಸ್ಸ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ.

ಹಾಡಿನ ಧ್ವನಿ ಹಾಳಾಗಿದೆಯೆಂದು ಗ್ರಾಮಫೋನ್ ತಟ್ಟೆಯದನ್ನು ತಂದು ಕೂರಿಸುವವರಿದ್ದಾರೆ. ಬೇಡ. ತಟ್ಟೆಗೆ ಹಿಡಿಯಲೆಂದು ಎಷ್ಟೋ ಹಾಡುಗಳನ್ನು ಮೊಟಕು ಮಾಡುತ್ತಿದ್ದರು, ಸಿನಿಮಾದ ಚರಣವೇ ಅಲ್ಲಿ ಇಲ್ಲದಿರಬಹುದು. ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕ ಸಿಕ್ಕರೆ ಚರಣ ತಾಳೆ ನೋಡಲು ಅದು ಬೇಕೇ ಬೇಕು.

ಸ್ವಚ್ಛ ಮಾಡುವ ಕ್ರಮ: ಮೊದಲು ತೂತನ್ನು ಆಧಾರವಾಗಿಟ್ಟು ಅಲುಗಾಟ ನಿಲ್ಲಿಸಿ, ನಂತರ ಮಿಣುಕು, ಆಮೇಲೆ ಧೂಳು, ಕಡೆಗೆ ಛಾಯೆ. ಧೂಳು ತೆಗೆಯುವ ಫಿಲ್ಟರ್ ಒಂದೇ ಫ್ರೇಮಿನಲ್ಲಿ ಕಂಡು ಮರೆಯಾಗುವ ಎಲ್ಲವನ್ನೂ ಕಸ ಎಂದುಕೊಳ್ಳುತ್ತದೆ, ಮಳೆಹನಿ, ಕಿಡಿ, ನೃತ್ಯದ ಬೆರಳು ಸೇರಿ. ಅಂಥ ದೃಶ್ಯಗಳಿಗೆ ಕೈಯಿಂದಲೇ ಮಾಡಿ. ಗ್ರೇನ್ (ಫಿಲ್ಮಿನ ಸಹಜ ಕಣಕಣ) ತೆಗೆಯಲೇಬೇಡಿ, ಮುಖ ಮೇಣದ ಬೊಂಬೆಯಾಗುತ್ತದೆ. ಬಣ್ಣ ಹಚ್ಚುವ ಮಾತಂತೂ ಬೇಡ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದವು. ಜನ ಥಿಯೇಟರಿಗೆ ಹೋಗಲು ಅದೊಂದು ನೆಪವಾಯಿತು, ಒಪ್ಪುತ್ತೇನೆ, ಆದರೆ ಛಾಯಾಗ್ರಾಹಕ ಬೆಳಕು ಇಟ್ಟಿದ್ದು ಕಪ್ಪು-ಬಿಳುಪಿಗೆ.

ಬೀದರ_ಸ್ಪೂಲ್

ಖಾಲಿ ಜಾಗಕ್ಕೆ ವಿಸಿಡಿ ತುಣುಕು ಸೇರಿಸುವುದಾದರೆ ಅದು 352×288 ಮಾತ್ರ, ಎದ್ದು ಕಾಣುತ್ತದೆ. ಕಾಣಲಿ, ಮುಚ್ಚಿಡುವುದು ಬೇಡ. ಯಾವ ಫ್ರೇಮ್ ಎಲ್ಲಿಂದ ಬಂತು ಎಂಬ ಪಟ್ಟಿ ಫೈಲಿನ ಜೊತೆಯಲ್ಲೇ ಇರಲಿ. ಸ್ವಚ್ಛ ಮಾಡದ ಕಚ್ಚಾ ಸ್ಕ್ಯಾನ್ ಅಳಿಸಬೇಡಿ.

ಹಕ್ಕಿನ ವಿಷಯ: ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1967ರದ್ದು 2027ರ ಡಿಸೆಂಬರ್ 31ರವರೆಗೆ ಇರುತ್ತದೆ, ಸಾಹಿತ್ಯ, ಸಂಗೀತದ ಹಕ್ಕು ಅದಕ್ಕಿಂತ ಬೇರೆ. ಅಲ್ಲಿಯವರೆಗೆ ನೆಟ್ಟಿಗೆ ಏರಿಸಬೇಡಿ, ನಿರ್ಮಾಪಕರ ಮನೆಯವರನ್ನು ಹುಡುಕಿ ಮಾತಾಡಿ. ನೆಗೆಟಿವ್ ಅವರಲ್ಲೋ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲೋ ಇದ್ದರೆ ದಾರಿಯೇ ಬೇರೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ‘ಘಟಶ್ರಾದ್ಧ’ದ ಹೊಸ ಪ್ರತಿ ಮೂಲ ನೆಗೆಟಿವ್‌ನಿಂದ ಆದದ್ದು, ರಿಲೀಸ್ ಪ್ರಿಂಟ್ ಆ ಮಟ್ಟ ಮುಟ್ಟುವುದಿಲ್ಲ. ಸ್ಕ್ಯಾನ್ ಮುಗಿದ ಮೇಲೆ ಪ್ರಿಂಟನ್ನು ಪುಣೆಗೇ ಕೊಡುವುದು ಒಳ್ಳೆಯದು. ಕಲಬುರಗಿಯಿಂದ ಸೊಲ್ಲಾಪುರದ ಮೇಲೆ ನೇರ ರೈಲಿದೆ, ಚಳಿಗಾಲದಲ್ಲಿ ರಾತ್ರಿ ಗಾಡಿಗೆ ಒಯ್ಯಿರಿ. 4, 9, 14 ಬೇರೆ ಪೆಟ್ಟಿಗೆಯಲ್ಲಿರಲಿ, ಮೇಲೆ ಕುಗ್ಗಿದ ಅಳತೆ ಬರೆದು ಅಂಟಿಸಿ.