ಪದಚರ್ಚೆ: ಪಾಲಿಂಡ್ರೋಮ್‌ಗೆ ನೀವು ಏನಂತೀರಿ? (ಲ್ಯಾಟಿನ್ ಒಗಟಿನ ನೆಪದಲ್ಲಿ)

ಎಲ್ಲರಿಗೂ ನಮಸ್ಕಾರ. ಮೊದಲಿಂದ ಓದಿದರೂ ಕೊನೆಯಿಂದ ಓದಿದರೂ ಒಂದೇ ಥರ ಇರುವ ಪದಕ್ಕೆ, ಸಾಲಿಗೆ ಇಂಗ್ಲಿಷಲ್ಲಿ ಪಾಲಿಂಡ್ರೋಮ್ ಅಂತಾರೆ. ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದು ನನ್ನ ಪ್ರಶ್ನೆ.

ನನಗೆ ಲ್ಯಾಟಿನ್ ಬರುವುದಿಲ್ಲ. ಕ್ಲಾಸಿಗೆ ಹೋಗಿ ಕಲಿಯುವ ಆಸೆಯೂ ಇಲ್ಲ. ಆದರೆ ಗೊತ್ತಿಲ್ಲದ ಭಾಷೆಯ ಒಂದು ಸಾಲು ಎದುರಿಗಿಟ್ಟುಕೊಂಡು, ನಿಘಂಟು ಮುಟ್ಟದೆ, ಯಾವುದು ಬೇರು, ಯಾವುದು ಪ್ರತ್ಯಯ ಅಂತ ಬಿಡಿಸುತ್ತಾ ಕೂರುವುದಿದೆಯಲ್ಲ, ಅದರ ಮಜಾನೇ ಬೇರೆ. ಬೆಂಗಳೂರಲ್ಲಿ ಇದಕ್ಕೆ ಸರಕೂ ಸಿಗುತ್ತದೆ. ಬಿಷಪ್ ಕಾಟನ್ ಬಾಲಕರ ಶಾಲೆಯ ಧ್ಯೇಯವಾಕ್ಯ ನೋಡಿ: 'ನೆಕ್ ಡೆಕ್ಸ್‌ಟ್ರೋರ್ಸಮ್ ನೆಕ್ ಸಿನಿಸ್ಟ್ರೋರ್ಸಮ್'. 'ನೆಕ್' ಎರಡು ಸಲ ಬಂದಿದೆ, ಬಾಲ ಎರಡಕ್ಕೂ ಒಂದೇ, ಹಾಗಾದರೆ ಇವು ಎದುರುಬದುರು ಪದಗಳಿರಬೇಕು ಅಂತ ಊಹಿಸಿದರೆ ಅರ್ಧ ಗೆದ್ದಂತೆ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. (ಸಂಜೆ ರೆಸಿಡೆನ್ಸಿ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.)

ಈಗ ವಿಷಯಕ್ಕೆ ಬರುತ್ತೇನೆ. ಐದು ಪದ: ಸಾಟೋರ್, ಆರೆಪೋ, ಟೆನೆಟ್, ಓಪೆರಾ, ರೋಟಾಸ್. ರೋಮನ್ ಲಿಪಿಯಲ್ಲಿ ಪ್ರತಿಯೊಂದಕ್ಕೂ ಐದೈದು ಅಕ್ಷರ. ಒಂದರ ಕೆಳಗೊಂದು ಬರೆದರೆ ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಹೇಗೆ ಓದಿದರೂ ಅವೇ ಪದಗಳು. ಇಟಲಿಯ ಪಾಂಪೇ ಊರಿನ ಅವಶೇಷಗಳಲ್ಲೂ ಇದು ಸಿಕ್ಕಿದೆ, ಅಂದರೆ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿಯುವ ಮೊದಲೇ ಯಾರೋ ಗೀಚಿದ್ದು. ಸಾಟೋರ್ ಅಂದರೆ ಬಿತ್ತುವವನು, ಟೆನೆಟ್ ಅಂದರೆ ಹಿಡಿದಿದ್ದಾನೆ, ರೋಟಾಸ್ ಅಂದರೆ ಚಕ್ರಗಳನ್ನು. ನಮ್ಮ 'ಅನ್ನು' ಥರಾನೇ ವಿಭಕ್ತಿ ಪದದ ಕೊನೆಯಲ್ಲೇ ಕೂತಿದೆ. 'ಆರೆಪೋ' ಮಾತ್ರ ಬೇರೆ ಕಡೆ ಕಾಣದ ಪದ, ಯಾರದೋ ಹೆಸರಿರಬೇಕು ಅಂತಾರೆ. ನನಗನ್ನಿಸುವುದು, 'ಓಪೆರಾ' ತಿರುಗಿಸಿದಾಗ ಸಿಕ್ಕಿದ್ದನ್ನು ಸುಮ್ನೆ ಹೆಸರು ಅಂತ ದಾಟಿಸಿದ್ದಾನೆ ಪುಣ್ಯಾತ್ಮ!

ಕನ್ನಡ ಲಿಪಿಯಲ್ಲಿ ಬರೆದ ತಕ್ಷಣ ಈ ಆಟ ಕೆಡುತ್ತದೆ. 'ಸಾ-ಟೋ-ರ್' ತಿರುಗಿಸಿದರೆ 'ರ್-ಟೋ-ಸಾ', ರೋಟಾಸ್ ಅಲ್ಲ. ಅವರು ಸ್ವರ, ವ್ಯಂಜನ ಬಿಡಿಬಿಡಿಯಾಗಿ ಎಣಿಸುತ್ತಾರೆ, ನಾವು ಗುಣಿತ, ಒತ್ತು ಎಲ್ಲ ಸೇರಿಸಿ ಒಂದು ಅಕ್ಷರ ಅಂತೀವಿ. 'ಕುಬೇರನಿಗೇನಿರಬೇಕು' ಹಿಂದಿನಿಂದಲೂ ಸರಿಹೋಗುವುದು ನಮ್ಮ ಲೆಕ್ಕದಲ್ಲಿ ಮಾತ್ರ. ಪದಬಂಧದ ಮನೆ ತುಂಬುವಾಗಲೂ ಹಾಗೇ, ಅಲ್ವಾ?

ಸಂಸ್ಕೃತದವರೂ ಅಕ್ಷರದ ಲೆಕ್ಕದಲ್ಲೇ ಆಡಿದ್ದಾರೆ. ಮಾಘ ಕವಿಯ ಶಿಶುಪಾಲವಧ ಕಾವ್ಯದ 19ನೇ ಸರ್ಗದಲ್ಲಿ 'ಸಕಾರನಾನಾರಕಾಸ' ಅಂತ ಶುರುವಾಗುವ ಪದ್ಯವಿದೆ. ಎಂಟೆಂಟು ಅಕ್ಷರದ ನಾಲ್ಕು ಪಾದ. ಅದರ ಕೆಳಗೆ ಅವೇ ಪಾದಗಳನ್ನು ಕೊನೆಯಿಂದ ಮೊದಲಿಗೆ ಜೋಡಿಸಿ 64 ಮನೆ ಮಾಡಿದರೆ ಅಡ್ಡ ಓದಿದರೂ ಉದ್ದ ಓದಿದರೂ ಅದೇ ಪದ್ಯ. ಇದಕ್ಕೆ ಸರ್ವತೋಭದ್ರ ಅಂತ ಹೆಸರು. ಸಾಟೋರ್ ಚೌಕಕ್ಕೂ ಅದೇ ಹೆಸರು ಸಾಕು ಅನ್ನಿಸುತ್ತದೆ.

ಹೆಸರಿನ ತಕರಾರು ಇರುವುದು ಒಂದೇ ಸಾಲಿನ ಪಾಲಿಂಡ್ರೋಮ್‌ ಬಗ್ಗೆ. ಸಂಸ್ಕೃತದ 'ಗತಪ್ರತ್ಯಾಗತ' ಅರ್ಥದಲ್ಲಿ ಸರಿ, ಹೋಗಿ ಮರಳಿ ಬಂದದ್ದು. ಗ್ರೀಕ್ ಮೂಲದ ಅರ್ಥವೂ ಮರಳಿ ಓಡಿಬರುವುದು ಅಂತಲೇ. ಆದರೆ ಮಕ್ಕಳ ಹತ್ತಿರ ಇದನ್ನು ಹೇಳಿಸಿ ನೋಡಿ! 'ತಿರುಗುಮುರುಗು' ಅಂದರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ನಾನು ಸದ್ಯಕ್ಕೆ 'ಹೋಗಿಬರೋ ಪದ' ಅನ್ನುತ್ತಿದ್ದೇನೆ, ಮನೆಯಲ್ಲಿ ನಗುತ್ತಾರೆ.

ನಿಮ್ಮ ಕಡೆ ಇದಕ್ಕೆ ಬಳಕೆಯ ಮಾತಿದೆಯೇ? ಶಾಲೆಯಲ್ಲಿ ಮೇಷ್ಟ್ರು ಏನನ್ನುತ್ತಿದ್ದರು? ಇನ್ನೊಂದು, ತಿರುಗಿಸಿದಾಗ ಹ್ರಸ್ವ ಇದ್ದ ಕಡೆ ದೀರ್ಘ ಬಂದರೆ ಒಪ್ಪುತ್ತೀರಾ? ನಾನಂತೂ ಒಪ್ಪುವುದಿಲ್ಲ, ಪದಬಂಧ ಕಟ್ಟುವವರು ಯಾರಾದರೂ ಇದ್ದರೆ ಹೇಳಿ.