ಊರಿನ ರೇಡಿಯೊ ನಿಲಯಗಳು ಕೇಳುಗರನ್ನು ಕಳೆದುಕೊಳ್ಳುವುದು ಏಕೆ?

ಚಿಂತಾಮಣಿ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಸಮುದಾಯ ರೇಡಿಯೊ ಕೇಂದ್ರಕ್ಕೆ (ಸ್ಥಳೀಯ ಸಂಸ್ಥೆಯೊಂದು ಸುತ್ತಲಿನ ಊರುಗಳಿಗಾಗಿ ನಡೆಸುವ ಸಣ್ಣ ಎಫ್‌ಎಂ ನಿಲಯ) ಅರ್ಜಿ ಸಲ್ಲಿಸಬೇಕೆಂದು ನಮ್ಮ ಆಡಳಿತ ಮಂಡಳಿಯವರು ಯೋಚಿಸುತ್ತಿದ್ದು, ಅದರ ಸಾಧಕ ಬಾಧಕಗಳನ್ನು ಕುರಿತು ಟಿಪ್ಪಣಿಯೊಂದನ್ನು ಬರೆದುಕೊಡುವಂತೆ ನನಗೆ ತಿಳಿಸಿದ್ದಾರೆ. ಆ ಸಲುವಾಗಿ ವಿದ್ಯಾರ್ಥಿಗಳನ್ನು ಸುತ್ತಲಿನ ಹಳ್ಳಿಗಳಿಗೆ ಕಳಿಸಿ ವಿಚಾರಿಸಿದಾಗ ಬಹುತೇಕ ಎಲ್ಲರೂ ಕೊಟ್ಟ ಉತ್ತರ ಒಂದೇ: ‘ಈಗೆಲ್ಲ ರೇಡಿಯೊ ಯಾರು ಕೇಳ್ತಾರೆ?’

ಆದರೆ ಹೀಗೆ ಹೇಳಿದವರೇ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ, ರಾತ್ರಿ ಕರೆಂಟ್ ಬಂದ ಹೊತ್ತಿನಲ್ಲಿ ತೋಟಕ್ಕೆ ನೀರು ಹಾಯಿಸುವಾಗಲೂ ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ತತ್ವಪದಗಳನ್ನೋ ಪೌರಾಣಿಕ ನಾಟಕದ ಹಾಡುಗಳನ್ನೋ ಕೇಳುತ್ತಿರುತ್ತಾರೆ. ಆದ್ದರಿಂದ ಜನ ಕೇಳುವುದನ್ನೇ ಬಿಟ್ಟಿದ್ದಾರೆ ಎಂದು ನಾನು ನಂಬುವುದಿಲ್ಲ. ಟಿವಿ ಬಂತು, ಮೊಬೈಲ್ ಬಂತು ಎಂಬ ಸಿದ್ಧ ಉತ್ತರವೂ ನನಗೆ ಸಾಲದು, ಏಕೆಂದರೆ ಅವೆರಡೂ ಬೆಂಗಳೂರಿಗೂ ಬಂದಿವೆ, ಆದರೂ ಅಲ್ಲಿ 2001ರಲ್ಲಿ ಶುರುವಾದ ಖಾಸಗಿ ಎಫ್‌ಎಂ ಪ್ರಸಾರ ಆಟೊ, ಕಾರುಗಳಲ್ಲಿ ಇಂದಿಗೂ ಕೇಳಿಬರುತ್ತಿದೆ. ಹಾಗಿರುವಾಗ ನಮ್ಮಂಥ ಸಣ್ಣ ಊರುಗಳ ನಿಲಯಗಳೇ ಮೊದಲು ಸೊರಗುವುದೇಕೆ? ನಿಲಯ ನಡೆಸಿದವರು, ಅಲ್ಲಿ ದುಡಿದವರು, ಕೇಳುತ್ತಿದ್ದು ನಿಲ್ಲಿಸಿದವರು ದಯವಿಟ್ಟು ತಿಳಿಸಬೇಕು.

ತುಮಕೂರು ತಂತ್ರಜ್ಞ

ಮೇಷ್ಟ್ರೇ, ಕಾರ್ಯಕ್ರಮದ ಗುಣವನ್ನು ಚರ್ಚಿಸುವುದಕ್ಕೆ ಮೊದಲು ಅದು ಮನೆಯೊಳಗೆ ಕೇಳಿಸುತ್ತದೆಯೇ ಎಂದು ನೋಡಬೇಕು. ಪ್ರಸಾರ ತಾಂತ್ರಿಕ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ ನನ್ನ ಗಮನ ಮೊದಲು ಹೋಗುವುದೇ ಅಲ್ಲಿಗೆ.

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರೂ ಜಿಲ್ಲೆಗಳು ದಶಕಗಳ ಕಾಲ ನೆಚ್ಚಿಕೊಂಡಿದ್ದದ್ದು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗ ಪ್ರಸಾರವನ್ನು. ಆ ಅಲೆ ಈಗಲೂ ನಮ್ಮ ಊರುಗಳನ್ನು ಮುಟ್ಟುತ್ತದೆ. ಆದರೆ ಮನೆಯೊಳಗಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್ ಮುಂತಾದವು ಹೊರಡಿಸುವ ವಿದ್ಯುತ್ ಗದ್ದಲ ಅದೇ ತರಂಗಗಳ ಮೇಲೆ ಬಂದು ಕೂರುವುದರಿಂದ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚಾಗುತ್ತದೆ. ರೇಡಿಯೊ ಕೆಟ್ಟಿತೆಂದು ತಿಳಿದು ಮನೆಯವರು ಅದನ್ನು ಅಟ್ಟಕ್ಕೆ ಹಾಕುತ್ತಾರೆ. ತೆರೆದು ನೋಡಿದರೆ ಪೆಟ್ಟಿಗೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಎಫ್‌ಎಂಗೆ ಈ ಗದ್ದಲದ ಕಾಟ ಕಡಿಮೆ, ಆದರೆ ಆ ಅಲೆ ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲಿಯೇ ಸಾಗುತ್ತದೆ. ಸಮುದಾಯ ರೇಡಿಯೊಗೆ ಪರವಾನಗಿ ಕೊಡುವಾಗ ಟ್ರಾನ್ಸ್‌ಮಿಟರ್‌ನ ಶಕ್ತಿಯನ್ನು 50 ವಾಟ್‌ಗೆ, ಆಂಟೆನಾ ಅದನ್ನು ಸುತ್ತಲ ನೆಲದ ಕಡೆಗೆ ಕೂಡಿಸಿ ಕಳಿಸುವುದರಿಂದ ಸಿಗುವ ಪರಿಣಾಮಕಾರಿ ಶಕ್ತಿಯನ್ನು 100 ವಾಟ್‌ಗೆ, ಕಂಬದ ಎತ್ತರವನ್ನು ಸಾಮಾನ್ಯವಾಗಿ 30 ಮೀಟರ್‌ಗೆ ಮಿತಿಗೊಳಿಸುತ್ತಾರೆ. ಬಯಲು ಸೀಮೆಯಲ್ಲಿ ಇದು ಸುಮಾರು 10 ಕಿಲೋಮೀಟರ್ ಹೋಗುತ್ತದೆ. ಅಂಬಾಜಿದುರ್ಗ, ಕೈವಾರದ ಬೆಟ್ಟಗಳಿರುವ ನಿಮ್ಮ ತಾಲ್ಲೂಕಿನಲ್ಲಿ, ಬೆಟ್ಟದ ಆಚೆ ಮಗ್ಗುಲಿನ ಹಳ್ಳಿಗೆ ಅದರ ಅರ್ಧ ದೂರದಲ್ಲಿಯೇ ಕೇಳಿಸದೆ ಹೋಗಬಹುದು. ಆಡಳಿತ ಮಂಡಳಿಯ ಸ್ವಂತ ಜಾಗ ಎಂಬ ಒಂದೇ ಕಾರಣಕ್ಕೆ ತಗ್ಗಿನಲ್ಲಿ ಕಂಬ ನೆಟ್ಟ ನಿಲಯಗಳನ್ನು ನಾನು ನೋಡಿದ್ದೇನೆ. ಅವು ಕಳೆದುಕೊಳ್ಳುವುದಕ್ಕೆ ಕೇಳುಗರು ಸಿಕ್ಕಿದ್ದಾದರೂ ಯಾವಾಗ?

ಇನ್ನು ಕೇಳುವ ಸಾಧನದ ವಿಷಯ. ಕೀಪ್ಯಾಡ್ ಫೋನುಗಳಲ್ಲಿ ಎಫ್‌ಎಂ ಸಾಮಾನ್ಯವಾಗಿ ಇರುತ್ತಿತ್ತು, ಇಯರ್‌ಫೋನಿನ ತಂತಿಯೇ ಅದಕ್ಕೆ ಆಂಟೆನಾ ಆಗುತ್ತಿತ್ತು. 2016ರಲ್ಲಿ ಆ್ಯಪಲ್ ಕಂಪನಿಯು ಐಫೋನ್ 7ರಿಂದ ಇಯರ್‌ಫೋನ್ ಚುಚ್ಚುವ ಜಾಗವನ್ನೇ ತೆಗೆದುಹಾಕಿತು, ಬರುಬರುತ್ತಾ ಬೇರೆ ಕಂಪನಿಗಳ ಅನೇಕ ಫೋನುಗಳಲ್ಲಿಯೂ ಅದು ಮಾಯವಾಯಿತು. ತಂತಿ ಹೋದಾಗ ಆಂಟೆನಾವೂ ಹೋಯಿತು. ಫೋನುಗಳಲ್ಲಿರುವ ಎಫ್‌ಎಂ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹೆ ನೀಡಿತು. ಸಲಹೆಯಿಂದ ಫೋನಿಗೆ ಹೊಸ ತಂತಿಯೇನೂ ಬರುವುದಿಲ್ಲ. ಬೆಂಗಳೂರಿನಲ್ಲಿ ಎಫ್‌ಎಂ ಉಳಿದಿದೆ ಎಂದಿರಲ್ಲ, ಅದನ್ನು ಉಳಿಸಿರುವುದು ಹೆಚ್ಚಾಗಿ ಕಾರಿನ ರೇಡಿಯೊ ಮತ್ತು ಟ್ರಾಫಿಕ್. ದ್ವಿಚಕ್ರ ವಾಹನದಲ್ಲಿ ಓಡಾಡುವ ನಮ್ಮ ಊರುಗಳಿಗೆ ಆ ಅನುಕೂಲವಿಲ್ಲ.

ಹಳೆಯ ಉದ್ಘೋಷಕಿ, ಕೋಲಾರ ಜಿಲ್ಲೆ

ತುಮಕೂರಿನ ಹಿರಿಯರ ಮಾತನ್ನು ಒಪ್ಪುತ್ತೇನೆ. ಆದರೂ ಸಿಗ್ನಲ್ ಚೆನ್ನಾಗಿದ್ದ ಹಳ್ಳಿಗಳಲ್ಲಿಯೂ ಜನ ಕೇಳುವುದನ್ನು ಬಿಟ್ಟದ್ದನ್ನು ಒಳಗಿದ್ದೇ ಕಂಡವಳು ನಾನು. ನಾನಿದ್ದ ನಿಲಯದ ಹೆಸರು ಇಲ್ಲಿ ಬೇಡ; ಅಲ್ಲಿ ನಡೆದದ್ದು ಇನ್ನೂ ಹಲವು ಕಡೆ ನಡೆದಿದೆ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಇತಿಹಾಸವಿದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ವಾಯ್ಸಸ್ ಮತ್ತು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ‘ನಮ್ಮ ಧ್ವನಿ’ಯನ್ನು ಆರಂಭಿಸಿದವು. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದ್ದರೂ ಸಂಘ ಸಂಸ್ಥೆಗಳಿಗೆ ಪರವಾನಗಿ ಸಿಗುವ ದಾರಿ ತೆರೆದದ್ದು 2006ರಲ್ಲಿ. ಆದ್ದರಿಂದ ಬೂದಿಕೋಟೆಯವರು ತಮ್ಮ ಕಾರ್ಯಕ್ರಮಗಳನ್ನು ಟಿವಿ ಕೇಬಲ್ ಮೂಲಕ ಮನೆಗಳಿಗೆ ಹರಿಸಿದರು. ಪರವಾನಗಿಯಿಲ್ಲದ ಕಾಲದಲ್ಲಿಯೂ ಆ ಪ್ರಯತ್ನ ಬದುಕಿದ್ದಕ್ಕೆ ನನಗೆ ತೋರುವ ಕಾರಣವೆಂದರೆ, ಸ್ವಸಹಾಯ ಸಂಘದ ಹೆಂಗಸರೇ ಅದರಲ್ಲಿ ಮಾತನಾಡುತ್ತಿದ್ದರು, ಅವರ ನೆರೆಹೊರೆಯವರೇ ಕೇಳುತ್ತಿದ್ದರು.

ನಂತರದ ವರ್ಷಗಳಲ್ಲಿ ಬಂದ ಎಷ್ಟೋ ನಿಲಯಗಳಲ್ಲಿ ಈ ಸಂಬಂಧ ಬೆಳೆಯಲಿಲ್ಲ. ಅದಕ್ಕೆ ಹಣದ ದಾರಿಯೇ ಮೂಲ. ಆರಂಭದ ಯಂತ್ರೋಪಕರಣಗಳಿಗೆ ಎಲ್ಲಿಂದಲಾದರೂ ನೆರವು ಸಿಗುತ್ತದೆ, ತಿಂಗಳ ಸಂಬಳಕ್ಕೆ ಸಿಗುವುದಿಲ್ಲ. ಜಾಹೀರಾತಿನ ಅವಧಿ ಮೊದಲು ಗಂಟೆಗೆ 5 ನಿಮಿಷವಿತ್ತು, ಆಮೇಲೆ 7 ಆಯಿತು, 2024ರ ಮಾರ್ಗಸೂಚಿಯಲ್ಲಿ 12 ಆಗಿದೆ. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ರೂಪಾಯಿಗೆ ಏರಿದೆ. ಆ 12 ನಿಮಿಷವೂ ತುಂಬಿದರೆ ಗಂಟೆಗೆ 5,328 ರೂಪಾಯಿ ಎಂದು ಕಾಗದದ ಮೇಲೆ ಲೆಕ್ಕ ಹಾಕಬಹುದು. ತುಂಬಿದ ಒಂದು ಗಂಟೆಯನ್ನೂ ನಾನಂತೂ ನೋಡಲಿಲ್ಲ.

ಆಗ ನಿಲಯ ಯೋಜನೆಗಳ ಹಣಕ್ಕೆ ಕೈಚಾಚುತ್ತದೆ. ಈ ವರ್ಷ ಪೌಷ್ಟಿಕ ಆಹಾರ, ಮುಂದಿನ ವರ್ಷ ಆರ್ಥಿಕ ಸಾಕ್ಷರತೆ, ಅದರ ಮುಂದಿನ ವರ್ಷ ಇನ್ನೊಂದು. ವಿಷಯಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆದರೆ ನಿಗದಿತ ಸಂಖ್ಯೆಯ ಕಂತುಗಳನ್ನು ತಯಾರಿಸಿ ವರದಿ ಕಳಿಸಿದರೆ ಸಾಕಾಗಿತ್ತು, ಯಾರು ಕೇಳಿದರು ಎಂದು ಹಣ ಕೊಟ್ಟವರೂ ವಿಚಾರಿಸುತ್ತಿರಲಿಲ್ಲ. ಟೊಮೆಟೊ ಬೆಲೆ ನೆಲಕಚ್ಚಿ ರೈತರು ರಸ್ತೆಗೆ ಸುರಿದ ದಿನವೂ ನಮ್ಮಲ್ಲಿ ಕೈ ತೊಳೆಯುವ ವಿಧಾನದ ಕಂತು ಪ್ರಸಾರವಾಯಿತು. ಕೇಳುಗರು ಅಂಥದ್ದನ್ನು ತುಂಬ ಬೇಗ ಗುರುತಿಸುತ್ತಾರೆ.

ಸಂಬಳ ನಿಂತಾಗ ಹುಡುಗ ಹುಡುಗಿಯರು ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋದರು. ಅವರನ್ನು ದೂರುವಂತಿಲ್ಲ. ಅವರು ಹೋದ ಮೇಲೆ ಹಳೆಯ ಧ್ವನಿಮುದ್ರಣಗಳನ್ನೇ ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸಿ ಬಿಡುವುದು ಶುರುವಾಯಿತು, ಯುಗಾದಿಯ ಶುಭಾಶಯ ಶ್ರಾವಣದಲ್ಲಿ ಕೇಳಿಬಂದದ್ದೂ ಉಂಟು. ಬೆಳಿಗ್ಗೆ ಇಂಥ ಹೊತ್ತಿಗೆ ಇಂಥದ್ದು ಬರುತ್ತದೆ ಎಂಬ ಭರವಸೆ ಒಮ್ಮೆ ಹೋಯಿತೆಂದರೆ ಮುಗಿಯಿತು. ಹಾಲು ಹಾಕುವವನು ವಾರಕ್ಕೆ ಎರಡು ದಿನ ತಪ್ಪಿಸಿದರೆ ಜಗಳವಾಡದೆ ಬೇರೆಯವನಿಗೆ ಹೇಳಿಬಿಡುವ ಹಾಗೆ ಜನ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ.

ಭಾಷೆಯ ಮಾತನ್ನೂ ಹೇಳಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು, ಇವೆಲ್ಲವುಗಳ ನಡುವೆ ನಮ್ಮದೇ ಧಾಟಿಯ ಕನ್ನಡ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕೆಂದು ನಿಯಮವೇ ಹೇಳುತ್ತದೆ, ಸ್ಥಳೀಯ ಭಾಷೆ, ಆಡುನುಡಿಗಳನ್ನು ಬಳಸುವಂತೆಯೂ ಹೇಳುತ್ತದೆ. ಆದರೆ ನಮ್ಮನ್ನು ತರಬೇತುಗೊಳಿಸಿದವರು ಬೆಂಗಳೂರಿನ ಎಫ್‌ಎಂನ ವೇಗ, ನಗು, ಉಚ್ಚಾರಗಳನ್ನೇ ಕಲಿಸಿದರು. ಆ ನಗು ಬೇಕಾದವರಿಗೆ ಮೂಲವೇ ಆ್ಯಪ್‌ಗಳಲ್ಲಿ ಸಿಗುತ್ತದೆ.

ತಿಪಟೂರಿನ ಅಂಗಡಿಯವನು

ಜಾಹೀರಾತು ಕೊಡುವವನ ಕಡೆಯಿಂದ ಎರಡು ಮಾತು. ನಮ್ಮದು ಪಂಪ್‌ಸೆಟ್, ಪೈಪುಗಳ ವ್ಯಾಪಾರ. ಹಿಂದೆ ಒಂದು ಸ್ಥಳೀಯ ನಿಲಯಕ್ಕೆ ಜಾಹೀರಾತು ಕೊಟ್ಟಿದ್ದೆ, ಎರಡನೆಯ ಹಂಗಾಮಿಗೆ ಕೊಡಲಿಲ್ಲ. ದುಡ್ಡು ಹೆಚ್ಚಾಯಿತೆಂದಲ್ಲ. ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಜನ ಕೇಳುತ್ತಾರೆಂದು ವಿಚಾರಿಸಿದರೆ ಅವರ ಬಳಿ ಉತ್ತರವಿರಲಿಲ್ಲ. ಕೇಳುಗರ ಅಳತೆಯ ವ್ಯವಸ್ಥೆ ಬೆಂಗಳೂರಿನಂಥ ಮಹಾನಗರಗಳ ಖಾಸಗಿ ಎಫ್‌ಎಂಗಳಿಗಾಗಿ ಹುಟ್ಟಿದ್ದು. ನಮ್ಮಂಥ ಊರುಗಳನ್ನು ಯಾರೂ ಅಳೆಯುವುದಿಲ್ಲ. ಅದೇ ಹಣಕ್ಕೆ ಊರಿನ ಹುಡುಗನೊಬ್ಬ ವಿಡಿಯೊ ಮಾಡಿ ಹಾಕಿದರೆ ಎಷ್ಟು ಜನ ನೋಡಿದರೆಂದು ಸಂಜೆಯೇ ತೋರಿಸುತ್ತಾನೆ. ಅವನ ಅಂಕಿ ಎಷ್ಟು ನಿಜವೋ ದೇವರೇ ಬಲ್ಲ, ಆದರೂ ಕಣ್ಣಿಗೊಂದು ಅಂಕಿ ಕಾಣುತ್ತದೆ.

ಕೊಬ್ಬರಿ ದರದ ವಿಷಯವೂ ಹೀಗೆಯೇ. ನಮ್ಮ ಎಪಿಎಂಸಿಯಲ್ಲಿ ಟೆಂಡರ್ ದರ ಗೊತ್ತಾದ ಸ್ವಲ್ಪ ಹೊತ್ತಿಗೆ ಅದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ, ಸಂಜೆಯ ರೇಡಿಯೊಗೆ ಯಾರೂ ಕಾಯುವುದಿಲ್ಲ. ಆದರೆ ದರ ಏಕೆ ಬಿತ್ತು, ನಾಫೆಡ್ (ಬೆಂಬಲ ಬೆಲೆಗೆ ಕೊಳ್ಳುವ ಸಹಕಾರ ಸಂಸ್ಥೆ) ಖರೀದಿಗೆ ನೋಂದಣಿ ಮಾಡಿಸುವುದು ಹೇಗೆ ಎಂದು ತಿಳಿದವರೊಬ್ಬರು ವಿವರಿಸಿದರೆ ನಾನು ಅಂಗಡಿಯಲ್ಲಿ ಕುಳಿತು ಈಗಲೂ ಕೇಳುತ್ತೇನೆ.

ಗೌರಿಬಿದನೂರು ಓದುಗ

ಉದ್ಘೋಷಕಿ ಮೇಡಂ ಅವರ ಬರಹ ಚೆನ್ನಾಗಿದೆ, ಆದರೆ ಹಣವಿದ್ದ ಕಡೆಯೂ ಸ್ಥಳೀಯ ರೇಡಿಯೊ ಸೋತಿದೆ ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆಯು ಒಂದೇ ಕಂಪನಿ ದೇಶದಲ್ಲಿ ಎಷ್ಟು ನಿಲಯಗಳನ್ನು ಹೊಂದಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ಕ್ಲಿಯರ್ ಚಾನೆಲ್ ಎಂಬ ಕಂಪನಿಯ ಕೈಗೆ 1,200ಕ್ಕೂ ಹೆಚ್ಚು ನಿಲಯಗಳು ಬಂದವು. 2002ರ ಜನವರಿಯಲ್ಲಿ ಉತ್ತರ ಡಕೋಟಾದ ಮೈನಾಟ್ ಎಂಬ ಊರಿನ ಬಳಿ ರೈಲು ಹಳಿತಪ್ಪಿ ಅಮೋನಿಯಾ ಅನಿಲ ಸೋರಿದ ರಾತ್ರಿ, ಜನರನ್ನು ಎಚ್ಚರಿಸಲು ಪೊಲೀಸರಿಗೆ ರೇಡಿಯೊ ನಿಲಯದವರು ಸಕಾಲಕ್ಕೆ ಸಿಗಲಿಲ್ಲ ಎಂಬುದು ಅಲ್ಲಿ ದೊಡ್ಡ ವಿವಾದವಾಯಿತು. ಊರಿನ ಆರೂ ವಾಣಿಜ್ಯ ನಿಲಯಗಳು ಅದೇ ಕಂಪನಿಯವಾಗಿದ್ದವು. ಇಂಗ್ಲೆಂಡಿನಲ್ಲಿಯೂ ಬಿಬಿಸಿ ತನ್ನ 39 ಸ್ಥಳೀಯ ನಿಲಯಗಳ ಮಧ್ಯಾಹ್ನದ ನಂತರದ ಕಾರ್ಯಕ್ರಮಗಳಲ್ಲಿ ಬಹುಪಾಲನ್ನು 2023ರಲ್ಲಿ ಹಂಚಿಕೆಯ ಪ್ರಸಾರಕ್ಕೆ ತಿರುಗಿಸಿತು, ಅದನ್ನು ವಿರೋಧಿಸಿ ಪತ್ರಕರ್ತರು ಮುಷ್ಕರ ಹೂಡಿದರು.

ನನ್ನ ಅಭಿಪ್ರಾಯದಲ್ಲಿ ನಮ್ಮಲ್ಲಿ ಇದಕ್ಕಿಂತಲೂ ದೊಡ್ಡ ಅಡ್ಡಿ ವಾರ್ತೆಯ ನಿಷೇಧ. ಖಾಸಗಿ ಎಫ್‌ಎಂ ಆಗಲಿ ಸಮುದಾಯ ರೇಡಿಯೊ ಆಗಲಿ ತನ್ನದೇ ರಾಜಕೀಯ ವಾರ್ತೆ ಓದುವಂತಿಲ್ಲ. ಪುರಸಭೆಯ ನೀರಿನ ಸರದಿಯನ್ನು ಹೇಳಬಹುದು, ಆ ನೀರು ಏಕೆ ಬರಲಿಲ್ಲ ಎಂದು ಸದಸ್ಯರನ್ನು ಪ್ರಶ್ನಿಸಲು ಹೊರಟರೆ ಪರವಾನಗಿಯ ಚಿಂತೆ ಶುರುವಾಗುತ್ತದೆ. ಅದೇ ಪ್ರಶ್ನೆಯನ್ನು ಯೂಟ್ಯೂಬ್ ಚಾನೆಲಿನ ಹುಡುಗ ಮೈಕ್ ಹಿಡಿದು ಕೇಳುತ್ತಾನೆ. ಜನ ಅವನ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವೇನಿದೆ?

ಹಳೆಯ ಉದ್ಘೋಷಕಿ, ಕೋಲಾರ ಜಿಲ್ಲೆ

ವಾರ್ತೆಯ ವಿಷಯ ಒಪ್ಪಿದೆ, ಸರ್. ಆದರೆ ನಿಷೇಧವನ್ನು ನೆಪ ಮಾಡಿಕೊಂಡು ನಿಯಮ ಬಿಟ್ಟುಕೊಟ್ಟ ಜಾಗವನ್ನೂ ನಾವು ಬಳಸಲಿಲ್ಲ. ಬಸ್ಸಿನ ಸಮಯ ಬದಲಾದದ್ದು, ಪರೀಕ್ಷೆಯ ದಿನ, ಸಂತೆಯ ಸುದ್ದಿ, ಊರಹಬ್ಬ, ಕರೆಂಟ್ ಕಡಿತ ಇವ್ಯಾವುದಕ್ಕೂ ಅಡ್ಡಿಯಿರಲಿಲ್ಲ. ಅದಕ್ಕೆ ದಿನವೂ ಊರಿನಲ್ಲಿ ತಿರುಗಾಡಿ ವಿಚಾರಿಸುವ ಒಬ್ಬ ವ್ಯಕ್ತಿ ಬೇಕಾಗಿತ್ತು, ಆ ಒಬ್ಬರ ಸಂಬಳವನ್ನೇ ನಿಲಯ ಮೊದಲು ಕಡಿದುಹಾಕಿತು. ಬೇಕಾದ ಹೊತ್ತಿಗೆ ನಿಲಯದಲ್ಲಿ ಜನ ಸಿಗದಂತೆ ಅಮೆರಿಕದಲ್ಲಿ ಕಂಪನಿ ಮಾಡಿದ್ದನ್ನು ಇಲ್ಲಿ ನಾವೇ ಕಂಪ್ಯೂಟರಿನ ಪಟ್ಟಿಯಿಂದ ಮಾಡಿಕೊಂಡೆವು.

ಚಿಂತಾಮಣಿ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಸ್ಟುಡಿಯೊದ ಧ್ವನಿನಿರೋಧಕ ಗೋಡೆಗೆ ತೋರಿಸಿದ್ದ ಅಂದಾಜನ್ನು ತಗ್ಗಿಸಿ, ಇಬ್ಬರ ಮೂರು ವರ್ಷದ ಸಂಬಳವನ್ನು ಮೊದಲೇ ಠೇವಣಿ ಇಡದೆ ಅರ್ಜಿ ಹಾಕಬಾರದೆಂದು ಬರೆಯುತ್ತಿದ್ದೇನೆ. ಮೇಡಂ, ದಿನಕ್ಕೆ ಎಷ್ಟು ಗಂಟೆಗಳ ಪ್ರಸಾರದಿಂದ ಆರಂಭಿಸುವುದು ಒಳ್ಳೆಯದು? ಆಡಳಿತ ಮಂಡಳಿಯವರಿಗೆ ಹನ್ನೆರಡು ಗಂಟೆಯ ಪ್ರಸಾರದ ಆಸೆಯಿದೆ.

ಹಳೆಯ ಉದ್ಘೋಷಕಿ, ಕೋಲಾರ ಜಿಲ್ಲೆ

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಎರಡೂ ಹೊಸದಾಗಿರಲಿ, ಹೊತ್ತು ತಪ್ಪದಿರಲಿ. ಮಿಕ್ಕ ಹತ್ತು ಗಂಟೆಯನ್ನು ಹಳೆಯದರಿಂದ ತುಂಬಿಸಲು ಹೋದರೆ ಅದರ ನಡುವೆ ಈ ಎರಡೂ ಕಾಣದೆ ಹೋಗುತ್ತವೆ.

ತುಮಕೂರು ತಂತ್ರಜ್ಞ

ಕಂಬದ ಜಾಗ ಗೊತ್ತುಮಾಡುವ ಮೊದಲು ಕಾಲೇಜಿನ ನಿವೇಶನ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ನಿಮಗೆ ಮುಖ್ಯವಾದ ಹಳ್ಳಿಗಳು ಯಾವುವು ಎಂದು ಬರೆದು ಕಳಿಸಿ. ಬೆಟ್ಟ ಯಾವ ಕಡೆ ಅಡ್ಡ ಬರುತ್ತದೆಂದು ನಕ್ಷೆಯ ಮೇಲೆ ಗುರುತು ಹಾಕಿಕೊಡುತ್ತೇನೆ.